ಗುಬ್ಬಿಯ ಗೋಡೆಯಲ್ಲೊಂದು ಸಂದು

ಏರ್‌ಪೋರ್ಟ್

ವಿದೇಶಕ್ಕೆ ಹೋಗಿಬಂದವರು ಲಂಡನ್ನಿನ ಸೇತುವೆ, ಪ್ಯಾರಿಸ್ಸಿನ ಗೋಪುರ ಅಂತ ಬರೆಯುತ್ತಾರೆ. ನಾನು ಹೋಗಿಬಂದ ವಿದೇಶ ತುಮಕೂರು ಜಿಲ್ಲೆ. ನಗಬೇಡಿ. ಬೆಂಗಳೂರಿನ ಏರ್‌ಪೋರ್ಟಿನಲ್ಲಿ ನನ್ನನ್ನು ನಿಲ್ಲಿಸಿದ್ದು ಫಾರಿನರ್ಸ್ ಎಂಬ ಬೋರ್ಡಿನ ಕೆಳಗೆ. ಮುಂದೆ ಒಬ್ಬ ಜರ್ಮನ್, ಹಿಂದೆ ಇಬ್ಬರು ಕೊರಿಯನ್ನರು, ನಡುವೆ ಹಣೆಗೆ ವಿಭೂತಿ ಇಟ್ಟುಕೊಂಡ ನಾನು. ಮದುವೆಯಾಗಿ ಇಂಗ್ಲೆಂಡಿನ ಲಫ್‌ಬರೋ ಎಂಬ ಸಣ್ಣ ಊರಿಗೆ ಹೋದವಳು, ಅಲ್ಲೇ ಇನ್‌ಫೆಂಟ್ ಸ್ಕೂಲಿನಲ್ಲಿ ಪಾಠ ಹೇಳಿ ರಿಟೈರ್ ಆದೆ, ಅಲ್ಲೇ ಯಜಮಾನರನ್ನು ಕಳೆದುಕೊಂಡೆ. ಪಾಸ್‌ಪೋರ್ಟಿನ ಬಣ್ಣ ಬದಲಾಗಿ ಎಷ್ಟೋ ಕಾಲವಾಯಿತು.

"ಪರ್ಪಸ್ ಆಫ್ ವಿಸಿಟ್?" ಎಂದ ಕೌಂಟರಿನ ಆಫೀಸರ್, ತಲೆ ಎತ್ತದೆ.

"ಅಕ್ಕನ್ನ ನೋಡೋದಕ್ಕೆ ಕಣಪ್ಪ. ಗುಬ್ಬೀಲಿದಾಳೆ."

ತಲೆ ಎತ್ತಿದ. "ಓ, ನಮ್ಮೋರು! ನಂದು ತಿಪಟೂರು ಸೈಡು ಮೇಡಮ್. ಬಾಳ ವರ್ಷ ಆಯ್ತಾ ಬಂದು?"

"ಕೋವಿಡ್‌ಗೆ ಮುಂಚೆ ಬಂದಿದ್ದೆ."

"ಹಂಗಾದ್ರೆ ದಾರಿ ಗೊತ್ತಾಗಲ್ಲ ಬುಡಿ," ಎಂದು ಠಸ್ಸೆ ಒತ್ತಿದ. "ತುಮಕೂರು ಈಗ ಬೆಂಗಳೂರಿಗೆ ಅಂಟ್ಕೊಂಡಂಗೇ ಐತೆ."

ನಾನು ಬಂದದ್ದೇ ಒಂದು ದಾರಿಯ ಸಲುವಾಗಿ. ಅಕ್ಕ ಗೌರಮ್ಮ ನನಗಿಂತ ತುಂಬಾ ದೊಡ್ಡವಳು. ಅಮ್ಮ ಇಲ್ಲದ ಮನೆಯಲ್ಲಿ ನನ್ನ ತಲೆ ಬಾಚಿ, ರಿಬ್ಬನ್ ಕಟ್ಟಿ, ಕಾನ್ವೆಂಟಿಗೆ ಕಳಿಸಿದವಳು. ತಾನು ಓದಲಿಲ್ಲ. ಚಳಿಗಾಲದ ಒಂದು ಬೆಳಿಗ್ಗೆ ಅವಳ ಫೋನ್ ಬಂತು. "ನೀಲೂ, ಡಾಕ್ಟ್ರು ನನ್ ಹಾರ್ಟು ಮುಗೀತು ಅಂದ್ರು. ಅದುಕ್ಕಲ್ಲ ಫೋನ್ ಮಾಡಿದ್ದು. ನನ್ನ ಜಾಗಕ್ಕೆ ದಾರಿ ಇಲ್ವಂತೆ ಕಣೇ."

ಅವಳ ಜಾಗ ಎಂದರೆ ಗುಬ್ಬಿಯ ಹೊರಗೆ, ಅವರದೇ ಹೊಲದ ಮೂಲೆಯಲ್ಲಿ, ನಮ್ಮ ಭಾವನ ಸಮಾಧಿಯ ಪಕ್ಕದ ಮಣ್ಣು. ನಾವು ಲಿಂಗಾಯತರು, ಸುಡುವವರಲ್ಲ. ಹೊಲವಿದ್ದವರು ಹೊಲದಲ್ಲೇ ಹೂಳುತ್ತೇವೆ. ಭಾವ ಹೋದ ದಿನವೇ ಅಕ್ಕ ಆ ಪಕ್ಕದ ಜಾಗವನ್ನು ತನ್ನದೆಂದು ಎಲ್ಲರಿಗೂ ಹೇಳಿಟ್ಟಿದ್ದಳು.

"ಮಾಯೇಶ ಏನೂ ಸರ್ಯಾಗಿ ಹೇಳ್ತಿಲ್ಲ. ನೀ ಬಂದು ನಿನ್ನ ಇಂಗ್ಲೀಷು ಗಿಂಗ್ಲೀಷು ಮಾತಾಡಿ ಏನಾರಾ ಮಾಡೇ," ಎಂದಳು. ಮಹೇಶ ಅವಳ ಮಗ. ನಾನು ಟಿಕೆಟ್ ಬುಕ್ ಮಾಡಿದೆ.

ತುಮಕೂರು

ಮೊದಲು ಇಳಿದುಕೊಂಡದ್ದು ಅಕ್ಕನ ಮಗಳು ಸುಮಾಳ ಮನೆಯಲ್ಲಿ. ಹೈಸ್ಕೂಲ್ ಟೀಚರ್. ಮನೆ ರಿಂಗ್ ರಸ್ತೆಯಾಚೆ. ನಾನು ಸ್ಕೂಲಿಗೆ ಹೋಗುವ ಕಾಲಕ್ಕೆ ಅಲ್ಲಿ ರಾಗಿ ಹೊಲ, ಹೊಲದಾಚೆ ಇನ್ನೂ ಹೊಲ.

ನಾವಿದ್ದದ್ದು ಚಿಕ್ಕಪೇಟೆ. ಅಲ್ಲಿಂದ ಕಾನ್ವೆಂಟಿಗೆ ಎಷ್ಟು ದಾರಿಗಳಿದ್ದವೋ ನಾನು ಎಣಿಸಲಿಲ್ಲ. ಒಂದು ಸಂದಿಯಲ್ಲಿ ಗಾಡಿ ಅಡ್ಡ ನಿಂತಿದ್ದರೆ ಪಕ್ಕದ ಸಂದಿ. ಅಲ್ಲಿ ಯಾರ ಮನೆ ಮುಂದಾದರೂ ಸಾವಿನ ಬೆಂಕಿ ಹಾಕಿದ್ದರೆ ಅದರಾಚೆಯ ಗಲ್ಲಿ. ಹತ್ತಿ ಎಕ್ಕುವ ಸಾಹೇಬರ ಅಂಗಡಿ ಮುಂದೆ ಮೂಗು ಮುಚ್ಚಿಕೊಂಡು ಓಡಿ, ಯಾರದೋ ಹಿತ್ತಲಿನಲ್ಲಿ ನುಗ್ಗಿ, ಅವರ ಮನೆಯ ಮುದುಕಿಯಿಂದ ಬೈಸಿಕೊಂಡು, ಬೆಲ್ ಹೊಡೆಯುವಷ್ಟರಲ್ಲಿ ಸೇರುತ್ತಿದ್ದೆವು. ನಮ್ಮ ಸಿಸ್ಟರ್ ಒಬ್ಬರಿಗೆ ಇದು ಆಗುತ್ತಿರಲಿಲ್ಲ. "ಗರ್ಲ್ಸ್ ಫ್ರಮ್ ಗುಡ್ ಫ್ಯಾಮಿಲೀಸ್ ಯೂಸ್ ದ ಮೇನ್ ರೋಡ್," ಎನ್ನುತ್ತಿದ್ದರು. ಆ ಸಿಸ್ಟರ್ ಈಗ ಇದ್ದಿದ್ದರೆ ಖುಷಿಪಡುತ್ತಿದ್ದರು. ಈಗ ತುಮಕೂರಿನಲ್ಲಿ ಎಲ್ಲರೂ ಮೇನ್ ರೋಡಿನಲ್ಲೇ ಹೋಗಬೇಕು, ಬೇರೆ ದಾರಿಯೇ ಇಲ್ಲ.

ಪೇಟೆಯ ನಂತರ ಬಂದ ಬಡಾವಣೆಗಳೂ ಹೀಗಿರಲಿಲ್ಲ. ಎಸ್.ಎಸ್. ಪುರಂ, ಅಶೋಕನಗರದಲ್ಲಿ ಮೇನು, ಕ್ರಾಸು ಅಂತ ನೇರ ಗೆರೆಗಳು. ಪೇಟೆಯ ಸಂದಿಗಳ ರುಚಿ ಇಲ್ಲದಿದ್ದರೂ ಒಂದು ರಸ್ತೆ ಇನ್ನೊಂದಕ್ಕೆ ಹೋಗಿ ಕೂಡುತ್ತಿತ್ತು. ಸುಮಾಳ ಲೇಔಟ್ ಮೂರನೆಯ ತರಹದ್ದು. ಬಾಟಲಿಯ ಹಾಗೆ. ಒಂದೇ ಬಾಯಿ. ಒಳಗೆ ಹೋದ ರಸ್ತೆಗಳೆಲ್ಲ ಯಾವುದೋ ಗೋಡೆಗೆ ಹಣೆ ಇಟ್ಟು ನಿಲ್ಲುತ್ತವೆ. ಅದರ ಪಕ್ಕದಲ್ಲಿ ಇನ್ನೊಂದು ಬಾಟಲಿ, ಅದರಾಚೆ ಮತ್ತೊಂದು. ಒಂದರಿಂದ ಒಂದಕ್ಕೆ ಹೋಗಬೇಕಾದರೆ ಹೈವೇಗೆ ಬಂದು, ಲಾರಿಗಳ ಜೊತೆ ಸುತ್ತಿ, ಮತ್ತೆ ಒಳಗೆ ಹೋಗಬೇಕು.

ಎರಡನೇ ದಿನ ನನ್ನ ಬಿ.ಪಿ. ಮಾತ್ರೆ ಮುಗಿಯಿತು. ಸುಮಾ ಸ್ಕೂಲಿಗೆ ಹೋಗಿದ್ದಳು. ತಾರಸಿಯಿಂದ ನೋಡಿದರೆ ಮೆಡಿಕಲ್ ಶಾಪಿನ ಹಸಿರು ಬೋರ್ಡು ಎದುರಿಗೇ ಕಾಣುತ್ತಿತ್ತು, ಅಂಗಡಿಯವನು ಆಕಳಿಸಿದ್ದೂ ಕಂಡಿತು. ಆಟೋ ಹತ್ತಿ ಮೊಬೈಲಿನ ಮ್ಯಾಪ್ ಹಾಕಿದೆ. ಅದರೊಳಗಿನ ಹೆಣ್ಣು ದನಿ ನಮ್ಮನ್ನು ಎಡಕ್ಕೆ, ಬಲಕ್ಕೆ ತಿರುಗಿಸಿ ಒಂದು ಬೂದು ಗೋಡೆಯ ಮುಂದೆ ನಿಲ್ಲಿಸಿ, ನೀವು ತಲುಪಿದ್ದೀರಿ ಎಂದು ಇಂಗ್ಲಿಷಿನಲ್ಲಿ ಹೇಳಿ ಸುಮ್ಮನಾಯಿತು.

ಆಟೋದವನು ಎಂಜಿನ್ ಆಫ್ ಮಾಡಿ ನನ್ನ ಕಡೆ ತಿರುಗಿದ. "ಗೋಡೆ ಆಚೆಗೇ ನಿಮ್ ಮೆಡಿಕಲ್ಲು. ಎಗರ್ತೀರಾ ಅಮ್ಮಾ?"

"ನನ್ನ ವಯಸ್ಸೆಷ್ಟು ಗೊತ್ತೇನಪ್ಪಾ?"

"ಹಂಗಾದ್ರೆ ಹೈವೇಗೋಗಿ ಸುತ್ತಾಕ್ಕಂಡ್ ಬರ್ಬೇಕು. ಆಮೇಲೆ ನನ್ ಬೈಬ್ಯಾಡಿ, ಗೋಡೆ ಕಟ್ಸ್ದೋರ್ನ ಬೈರಿ."

ಕಟ್ಟಿಸಿದವರು ಯಾರೆಂದು ಸಂಜೆ ಸುಮಾ ಹೇಳಿದಳು. "ಆ ಲೇಔಟಿನೋರ ಬೈಕು ನಮ್ಮ ರೋಡಲ್ಲಿ ಬರಬಾರ್ದು ಅಂತ ನಮ್ಮೋರೇ ಕಟ್ಟಿದ್ದು ಚಿಕ್ಕಮ್ಮ. ನಮ್ಮ ಮಕ್ಕಳು ಅವರ ಪಾರ್ಕಿಗೆ ಹೋಗಬಾರ್ದು ಅಂತ ಅವರು ಮೇಲೆ ಇನ್ನೊಂದು ವರಸೆ ಇಟ್ಟಿಗೆ ಏರಿಸಿದ್ರು."

ಆದರೂ ಗೋಡೆಯ ಬುಡದಲ್ಲಿ ಒಂದು ಪ್ಲಾಸ್ಟಿಕ್ ಸ್ಟೂಲ್ ಇತ್ತು. ಆಚೆ ಕಡೆಯೂ ಒಂದಿದೆಯಂತೆ. ಸುಮಾ ಇಲ್ಲಿ ಹತ್ತುತ್ತಾಳೆ, ಹಿಂದಿನ ಮನೆಯಾಕೆ ಅಲ್ಲಿ ಹತ್ತುತ್ತಾಳೆ, ಹುರುಳಿ ಬಸ್ಸಾರು ಆಚೆಗೆ ಹೋಗುತ್ತದೆ, ಮಾವಿನಕಾಯಿ ಚಿತ್ರಾನ್ನ ಈಚೆಗೆ ಬರುತ್ತದೆ. ಎಷ್ಟೋ ವರ್ಷದ ಸ್ನೇಹ. ಒಬ್ಬರ ಮನೆಯೊಳಗೆ ಒಬ್ಬರು ಕಾಲಿಟ್ಟಿಲ್ಲ. "ಒಂದ್ಸಲ ಮದುವೆ ಮನೇಲಿ ಸಿಕ್ಕಿದ್ರು, ನಂಗೆ ಗುರುತೇ ಸಿಗ್ಲಿಲ್ಲ. ಮೂಗಿನಿಂದ ಮೇಲಷ್ಟೇ ನೋಡಿರೋದು ನಾನು," ಎಂದು ಸುಮಾ ನಕ್ಕಳು. ನನಗೆ ನಗು ಬರಲಿಲ್ಲ.

ಲಫ್‌ಬರೋದಲ್ಲಿ ನನ್ನ ರಸ್ತೆಯೂ ಡೆಡ್ ಎಂಡೇ. ಆದರೆ ಅದರ ತುದಿಯಲ್ಲಿ ಎರಡು ಮನೆಗಳ ಬೇಲಿಗಳ ನಡುವೆ ಒಂದು ಇಕ್ಕಟ್ಟು ದಾರಿ ಬಿಟ್ಟಿದ್ದಾರೆ. ಆ ಊರಿನವರು ಅದನ್ನು ಜಿಟ್ಟಿ ಎನ್ನುತ್ತಾರೆ. ಕಾರು ನಿಲ್ಲುತ್ತದೆ, ಮನುಷ್ಯ ಹೋಗುತ್ತಾನೆ. ನಾನು ಹಾಲಿಗೆ, ಲೈಬ್ರರಿಗೆ, ಡಾಕ್ಟರ ಹತ್ತಿರ ಅದರಲ್ಲೇ ಹೋಗುತ್ತೇನೆ. ಆ ರಾತ್ರಿ ಊಟಕ್ಕೆ ಕುಳಿತಾಗ ಅದರ ಬಗ್ಗೆ ಸುಮಾಳಿಗೆ ಬಹಳ ಹೊತ್ತು ಹೇಳಿದೆ. ಆ ಜಿಟ್ಟಿಯೇ ನನ್ನ ತಲೆ ಕೆಡಿಸುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಗುಬ್ಬಿ

ಅಕ್ಕ ಪೇಟೆ ಮನೆಯ ಜಗಲಿಯ ಮೇಲೆ, ಗೋಡೆಗೆ ದಿಂಬು ಕೊಟ್ಟುಕೊಂಡು ಕೂತಿದ್ದಳು. ಹೊಸಿಲಾಚೆ ಸೊಸೆ ಕೊಬ್ಬರಿ ಒಣಹಾಕುತ್ತಿದ್ದಳು, ಮಹೇಶನದು ಕೊಬ್ಬರಿ ವ್ಯಾಪಾರ. ಅಕ್ಕ ಅರ್ಧದಷ್ಟು ಆಗಿಹೋಗಿದ್ದಳು. ದನಿ ಮಾತ್ರ ಹಾಗೇ ಇತ್ತು.

"ಬಂದ್ಯೇನೇ ಮೇಮ್ಸಾಬ್," ಎಂದು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. "ಅಯ್ಯೋ, ನೀನೇ ಮುದುಕಿ ಆಗ್ಬುಟ್ಟಿದೀಯಲ್ಲೇ! ನನ್ ಹೂಳಾಕೆ ಅಂತ ಕರೆಸ್ದೆ. ನಿನ್ನನ್ನೇ ಮೊದ್ಲು ಹೂಳ್ಬೇಕೇನೋ."

ಕೈ ಹಿಡಿದುಕೊಂಡಳು. ಬೆರಳುಗಳು ತಣ್ಣಗಿದ್ದವು.

ಮಹೇಶ ನನ್ನನ್ನು ಜಾಗ ತೋರಿಸಲು ಕರೆದುಕೊಂಡು ಹೋದ. ಹೊಲದಲ್ಲಿ ಬಹುಪಾಲನ್ನು ಅವನು ಕುಣಿಗಲಿನ ಒಬ್ಬರಿಗೆ ಮಾರಿದ್ದ. ಅಕ್ಕಪಕ್ಕದವರೆಲ್ಲ ಮಾರುತ್ತಿದ್ದರು, ನಡುವೆ ಇವನೊಬ್ಬ ರಾಗಿ ಬಿತ್ತಿಕೊಂಡು ಕೂರುವಂತಿರಲಿಲ್ಲ. ಸಮಾಧಿಯ ಮೂಲೆಯನ್ನು ಮಾತ್ರ ಉಳಿಸಿಕೊಂಡ. ಕೊಂಡವರು ದಾರಿ ಬಿಡುತ್ತೇವೆ ಎಂದು ಬಾಯಲ್ಲಿ ಹೇಳಿದ್ದರು. ಅಲ್ಲದೆ ಇನ್ನೊಂದು ಕಡೆಯಿಂದ ಹಳೆಯ ಬಂಡಿ ದಾರಿ ಇದ್ದೇ ಇತ್ತಲ್ಲ ಎಂದು ಇವನು ಒತ್ತಾಯ ಮಾಡಲಿಲ್ಲ. ಆಮೇಲೆ ಆ ಕಡೆಯ ಹೊಲವೂ ಲೇಔಟ್ ಆಯಿತು. ಅವರ ಕಾಂಪೌಂಡು ಬಂಡಿ ದಾರಿಯನ್ನು ನುಂಗಿಕೊಂಡಿತು. ಕುಣಿಗಲಿನವರೂ ತಮ್ಮ ಲೇಔಟಿನ ರಸ್ತೆಯ ತುದಿಗೆ ಗೋಡೆ ಹಾಕಿಬಿಟ್ಟರು.

"ಭೂಪಟದಾಗೆ ದಾರಿ ಐತೆ ಚಿಕ್ಕಮ್ಮ," ಎಂದ ಮಹೇಶ ನೆಲ ನೋಡುತ್ತಾ. "ನೆಲದ ಮ್ಯಾಲೆ ಇಲ್ಲ."

ಕಟ್ಟುತ್ತಿದ್ದ ಒಂದು ಮನೆಯ ತಾರಸಿ ಹತ್ತಿ ನೋಡಬೇಕಾಯಿತು. ಕೆಳಗೆ ನಾಲ್ಕೂ ಕಡೆ ಬೇರೆಯವರ ಗೋಡೆ, ನಡುವೆ ಒಂದು ಚೌಕ ಮಣ್ಣು. ಒಂದು ಹೊಂಗೆ ಮರ, ಮೊಣಕಾಲೆತ್ತರ ತುಂಬೆ ಗಿಡ, ಅದರೊಳಗೆ ಭಾವನ ಸಮಾಧಿಯ ಮೇಲಿನ ಪುಟ್ಟ ಬಸವಣ್ಣ. ಪಕ್ಕದ ಮನೆಗಳವರು ಎಸೆದ ಹಾಲಿನ ಕವರು, ಒಡೆದ ಕಮೋಡು. ಹಾಳು ಬಾವಿಯ ತಳ ನೋಡಿದ ಹಾಗಾಯಿತು. ಭಾವ ಹೊಲದ ಬದುವಿನ ಮೇಲೆ ನಿಂತರೆ ದೂರದ ರೈಲು ಕಾಣುತ್ತದೆ ಎಂದು ಹೆಮ್ಮೆಪಡುತ್ತಿದ್ದರು.

ನಾವು ಕೆಳಗಿಳಿದು ಬರುವಷ್ಟರಲ್ಲಿ ಎದುರು ಮನೆಯಿಂದ ಬರ್ಮುಡಾ ಚಡ್ಡಿ ಹಾಕಿಕೊಂಡ ಒಬ್ಬರು ಹೊರಗೆ ಬಂದರು. ಸೈಟ್ ಓನರ್ಸ್ ಸಂಘದ ಸೆಕ್ರೆಟರಿ ಎಂದು ತಾವೇ ಹೇಳಿಕೊಂಡರು. ಮಹೇಶನಿಗೆ ಅವರ ಪರಿಚಯ ಮೊದಲೇ ಇತ್ತು, ಅವನು ನನ್ನ ಹಿಂದೆ ಸರಿದು ನಿಂತ.

"ನೋಡಿ ಮೇಡಮ್, ಇದು ರೆಸಿಡೆನ್ಶಿಯಲ್ ಏರಿಯಾ. ಮಕ್ಕಳು ಆಟ ಆಡ್ತವೆ. ಹೆಣ ಗಿಣ ಇಲ್ಲಿ ತಂದ್ರೆ ನಾಳೆ ನಮ್ಮ ಮನೆ ಯಾರು ತಗೋತಾರೆ?"

"ಸಮಾಧಿ ನಿಮ್ಮ ಮನೆಗಿಂತ ಮುಂಚೆ ಇತ್ತಲ್ಲಪ್ಪ."

"ಇತ್ತು, ಇಲ್ಲ ಅನ್ನಲ್ಲ. ಆದ್ರೆ ಗೋಡೆ ಇತ್ತಲ್ಲ, ಕಾಣ್ತಿರ್ಲಿಲ್ಲ."

ಮನೆಗೆ ಬಂದು ಇಬ್ಬರೂ ಅಕ್ಕನ ಪಕ್ಕ ಕೂತೆವು. ಮಹೇಶ ನಿಧಾನವಾಗಿ ಶುರು ಮಾಡಿದ. "ಅವ್ವಾ, ಊರ ರುದ್ರಭೂಮಿ ಐತಲ್ಲ. ಎಲ್ಲಾ ಅಲ್ಗೇ ಹೋಗ್ತಾರೆ ಈಗ."

"ಎಲ್ಲಾ ಹೋಗ್ಲಿ," ಎಂದಳು ಅಕ್ಕ. "ಅಲ್ಲಿ ನನ್ ಪಕ್ಕ ಯಾರಿರ್ತಾರೋ? ಯಾವನೋ ಬಡ್ಡಿ ರಂಗ, ಯಾವ್ಳೋ ಬಾಯ್ಬಡುಕಿ. ಇಷ್ಟ್ ವರ್ಷ ಒಂದೇ ಮನೇಲಿದ್ದು ಈಗ ಅವರೊಂದ್ ಕಡೆ ನಾನೊಂದ್ ಕಡೆ ಕೂತ್ಕಳದಾ?" ಆಮೇಲೆ ನನ್ನ ಕಡೆ ತಿರುಗಿ, ಮೆಲ್ಲಗೆ, "ನೀಲೂ, ನೀ ಮಾತಾಡ್ತೀಯಾ?" ಎಂದಳು. ಅಕ್ಕ ನನಗೆ ಅಪ್ಪಣೆ ಮಾಡದೆ ಏನನ್ನಾದರೂ ಕೇಳಿದ್ದು ಅದೇ ಮೊದಲು.

ಕುಣಿಗಲ್

ಹೊಲ ಕೊಂಡು ಲೇಔಟ್ ಮಾಡಿದವರು ಅನ್ವರ್ ಸಾಹೇಬರು, ಕುಣಿಗಲಿನಲ್ಲಿ ಮನೆ. ನಾನೂ ಸುಮಾಳೂ ತುಮಕೂರಿನಿಂದ ಪ್ರೈವೇಟ್ ಬಸ್ ಹಿಡಿದೆವು. ನನಗೆ ಸೀಟು ಸಿಕ್ಕಿದ ಕೂಡಲೇ ನಿಂತಿದ್ದ ಹೆಂಗಸೊಬ್ಬಳು, "ಒಸಿ ಇಟ್ಕಳಿ ಅಮ್ಮಾ," ಎಂದು ಒಂದು ಬುಟ್ಟಿ ಅವರೆಕಾಯಿ ತೊಡೆಯ ಮೇಲಿಟ್ಟು ಬೇರೆಯವರ ಜೊತೆ ಮಾತಿಗೆ ಹೋದಳು. ಇಂಗ್ಲೆಂಡಿನ ಬಸ್ಸಿನಲ್ಲಿ ಒಬ್ಬರ ಛತ್ರಿ ಇನ್ನೊಬ್ಬರಿಗೆ ತಗುಲಿದರೆ ಇಬ್ಬರೂ ಸಾರಿ ಎನ್ನುತ್ತಾರೆ. ಹೆಬ್ಬೂರಿನಲ್ಲಿ ಆಕೆ ಇಳಿಯುವಾಗ ಬುಟ್ಟಿ ಎತ್ತಿಕೊಂಡು, ಒಂದು ಹಿಡಿ ಕಾಯಿ ನನ್ನ ಮಡಿಲಲ್ಲೇ ಬಿಟ್ಟು ಹೋದಳು.

ದಾರಿಯುದ್ದಕ್ಕೂ ಬಣ್ಣದ ಬಾವುಟಗಳು. ಹಬ್ಬವೇನೋ ಎಂದುಕೊಂಡೆ. ಸೈಟುಗಳು ಎಂದಳು ಸುಮಾ. ತೋಟದ ನಡುವೆ ಒಂದು ಸಿಮೆಂಟಿನ ಕಮಾನು ನಿಂತಿರುತ್ತದೆ, ಒಳಗೆ ನೋಡಿದರೆ ಏನೂ ಇಲ್ಲ, ಬಿಳಿ ಕಲ್ಲುಗಳು, ಕೆಂಪು ಧೂಳಿನ ರಸ್ತೆ, ಅದರ ತುದಿಗೆ ಗೋಡೆ. ಜನ ಬರುವ ಮುಂಚೆಯೇ ಗೋಡೆ ಬಂದು ಕಾಯುತ್ತಿತ್ತು. ಎರಡು ಊರಿನ ನಡುವೆ ಊರಲ್ಲದ ಜಾಗ ಇರುತ್ತಿತ್ತಲ್ಲ, ಅದನ್ನು ಹುಡುಕಿ ಕಣ್ಣು ನೋಯಿತು. ಕುಣಿಗಲ್ ಕೆರೆ ಕಂಡಾಗ ಮಾತ್ರ ಉಸಿರು ಬಿಟ್ಟೆ. ನೀರಿನ ಮೇಲೆ ಇನ್ನೂ ಯಾರೂ ಕಲ್ಲು ನೆಟ್ಟಿರಲಿಲ್ಲ.

ಅನ್ವರ್ ಸಾಹೇಬರು ಜಗಳಗಂಟರಾಗಿರುತ್ತಾರೆಂದು ಇಂಗ್ಲಿಷಿನ ವಾಕ್ಯಗಳನ್ನೆಲ್ಲ ಜೋಡಿಸಿಕೊಂಡು ಹೋಗಿದ್ದೆ. ಬಿಳಿ ಗಡ್ಡದ, ತೆಳ್ಳನೆಯ ಮನುಷ್ಯ, ಬಾಗಿಲಿಗೇ ಬಂದು ನನ್ನ ಚಪ್ಪಲಿಯನ್ನು ನೆರಳಿಗೆ ಸರಿಸಿದರು. ಒಳಗಿನಿಂದ ಟೀ ಬಂತು, ಖಾರ ಬಿಸ್ಕತ್ತು ಬಂತು.

"ಮೊದಲು ಕಾಯಿ ವ್ಯಾಪಾರ ಅಮ್ಮಾ ನಂದು," ಎಂದರು. "ಅಮೃತೂರು, ಮಾರ್ಕೋನಹಳ್ಳಿ ಕಡೆ ತೋಟ ತೋಟಕ್ಕೂ ನಡ್ಕೊಂಡೇ ಹೋಗ್ತಿದ್ದೆ. ಯಾರ ತೋಟದಾಗೆ ನುಗ್ಗಿದ್ರೂ, ಏನ್ ಸಾಬ್ರೇ, ಎಳನೀರು ಕುಡೀರಿ ಅನ್ನೋರೇ."

"ಈಗ ಗೋಡೆ ಕಟ್ಟೋರು ನೀವೇ ಆಗಿದೀರಲ್ಲ ಸಾಹೇಬ್ರೇ."

ಬೇಜಾರು ಮಾಡಿಕೊಳ್ಳಲಿಲ್ಲ. "ಗೋಡೆ ಇಲ್ದಿದ್ರೆ ಸೈಟ್ ಹೋಗಲ್ಲ ಅಮ್ಮಾ. ಗಿರಾಕಿ ಬಂದೋರು ಫಸ್ಟ್ ಕೇಳೋದೇ ಅದು. ರೋಡು ಮುಂದಕ್ಕೆ ಹೋಗುತ್ತಾ ಅಂತಾರೆ. ಹೋಗುತ್ತೆ ಅಂದ್ರೆ ಟೀನೂ ಕುಡೀದೆ ಎದ್ದೋಗ್ತಾರೆ."

ನಾನು ಇಂಗ್ಲೆಂಡಿನ ಕಾಲುದಾರಿಗಳ ಕತೆ ತೆಗೆದೆ. ನಮ್ಮ ಊರಿನ ಹೊರಗೆ ಗೋಧಿ ಹೊಲದ ಮಧ್ಯೆಯೇ ದಾರಿ ಇದೆ, ಹಸಿರು ಬೋರ್ಡು ನೆಟ್ಟಿದ್ದಾರೆ, ರೈತ ಉತ್ತರೂ ಆ ಗೆರೆ ಬಿಟ್ಟುಕೊಡಬೇಕು, ಜನ ಎಷ್ಟೋ ಕಾಲ ನಡೆದ ಜಾಗ ದಾರಿಯೇ ಆಗಿಬಿಡುತ್ತದೆ, ಆಮೇಲೆ ಯಾರೂ ಮುಚ್ಚುವಂತಿಲ್ಲ ಎಂದೆಲ್ಲ ಹೇಳಿದೆ.

"ಅದೇ ಅಮ್ಮಾ ಭಯ," ಎಂದರು ಅವರು. "ಒಂದ್ಸಲ ಬಿಟ್ರೆ ದಾರಿ ಆಗೋಗುತ್ತೆ. ಆಚೆ ಲೇಔಟಿನೋರೂ ಗೋಡೆ ಒಡೆದು ಬಂದ್ರೆ? ನಮ್ಮ ರೋಡು ಸಂತೆ ಆಗುತ್ತೆ. ಸೈಟ್ ತಗೊಂಡೋರು ನನ್ನ ಕೋರ್ಟಿಗೆ ಎಳೀತಾರೆ."

ಸುಮಾ ನನ್ನ ಸೆರಗು ಎಳೆದಳು, ಏಳೋಣ ಎಂಬಂತೆ. ಇಷ್ಟು ದೂರ ಬಂದದ್ದು ವ್ಯರ್ಥವಾಯಿತು ಎನಿಸಿ, ಜೋಡಿಸಿಕೊಂಡಿದ್ದ ವಾಕ್ಯಗಳು ಒಂದೂ ಬಾಯಿಗೆ ಬರಲಿಲ್ಲ. "ಸಾಹೇಬ್ರೇ, ನಮ್ಮಕ್ಕ ದಿನಾ ಬಾಗಿಲ ಕಡೆ ನೋಡ್ಕೊಂಡು ಕೂತಿದಾಳೆ. ನಾನು ಹೋಗಿ ಏನು ಹೇಳ್ಲಿ?" ಎಂದೆ ಅಷ್ಟೇ.

ಅವರು ಬಹಳ ಹೊತ್ತು ಗಡ್ಡ ನೀವಿಕೊಂಡರು. "ನಮ್ಮ ಅಬ್ಬಾ ಇಲ್ಲೇ ಖಬರಸ್ತಾನದಾಗಿದಾರೆ. ಶುಕ್ರವಾರ ನಮಾಜಾದ್ಮೇಲೆ ಹೋಗಿ ಒಂದ್ಗಳಿಗೆ ನಿಂತ್ಕೊಂಡು ಬರ್ತೀನಿ. ಯಾರಾದ್ರೂ ನಂಗೆ ಅಡ್ಡ ಕಟ್ಟಿದ್ರೆ..." ಎಂದು ನಿಲ್ಲಿಸಿ, ಎದ್ದು ನಿಂತರು. ಎರಡೂ ಅಂಗೈಗಳನ್ನು ಎದುರುಬದುರು ಹಿಡಿದು ತಮ್ಮ ಭುಜಗಳಿಗಿಂತ ಚೂರು ಅಗಲ ತೋರಿಸಿದರು. "ಇಷ್ಟು ಸಂದು ಬಿಡಿಸ್ತೀನಿ. ಬೈಕು ನುಗ್ಗಬಾರ್ದು, ಮನುಷ್ಯ ಹೋಗಬಹುದು. ಒಂದು ಜನಾಜಾ ಹಿಂದೆ ಮುಂದೆ ಹಿಡ್ಕೊಂಡ್ರೆ ದಾಟುತ್ತೆ. ಸಾಕಲ್ವಾ ಅಮ್ಮಾ?"

ನನ್ನ ಕಣ್ಣ ಮುಂದೆ ಲಫ್‌ಬರೋದ ಜಿಟ್ಟಿ ಬಂತು. ಅದೂ ಸರಿಯಾಗಿ ಅಷ್ಟೇ ಅಗಲ.

"ಸಾಕು ಸಾಹೇಬ್ರೇ, ಧಾರಾಳ ಸಾಕು," ಎಂದೆ. ಸುಮಾಳೂ ತಲೆಯಾಡಿಸಿದಳು. ಬರುವಾಗ ಬಸ್ಸಿನಲ್ಲಿ ಇಬ್ಬರೂ ಗೆದ್ದವರ ಹಾಗೆ ಅವರೆಕಾಯಿ ಸುಲಿಯುತ್ತಾ ಬಂದೆವು.

ಮತ್ತೆ ಗುಬ್ಬಿ

ಸಾಹೇಬರು ಮಾತಿಗೆ ತಪ್ಪಲಿಲ್ಲ. ಗೋಡೆಯಲ್ಲಿ ಸಂದು ಬಿದ್ದ ಮಾರನೇ ದಿನವೇ ಅಕ್ಕ ಹಟ ಹಿಡಿದಳು, ನೋಡಬೇಕು ಎಂದು. ನಡೆಯುವ ಶಕ್ತಿ ಇರಲಿಲ್ಲ. ಮಹೇಶ ಅಂಗಡಿಯ ಪ್ಲಾಸ್ಟಿಕ್ ಕುರ್ಚಿಯನ್ನು ಕಾರಿನ ಡಿಕ್ಕಿಗೆ ಹಾಕಿದ. ಲೇಔಟಿನ ರಸ್ತೆಯ ತುದಿಯಲ್ಲಿ ಕಾರು ನಿಂತಿತು. ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿ ಮಹೇಶ ಒಂದು ಕಡೆ, ಅವನ ಅಂಗಡಿಯ ಕೆಲಸದವನು ಇನ್ನೊಂದು ಕಡೆ ಎತ್ತಿದರು. ಬಾಲ್ಕನಿಗಳಲ್ಲಿ ಜನ ನಿಂತಿದ್ದರು. ಅಕ್ಕ ರೇಷ್ಮೆ ಸೀರೆ ಉಟ್ಟಿದ್ದಳು.

ಕುರ್ಚಿ ಇಟ್ಟಿಗೆಗೆ ಡಬ್ ಎಂದು ಬಡಿಯಿತು.

ಇಬ್ಬರೂ ಹಿಂದೆ ಸರಿದು ಮತ್ತೆ ಪ್ರಯತ್ನ ಮಾಡಿದರು. ಒಬ್ಬ ಮುಂದೆ ಹೋದರೂ ಕುರ್ಚಿಯ ತೋಳು ಸಿಕ್ಕಿಕೊಂಡಿತು. ಓರೆ ಮಾಡಿದರು. ಅಕ್ಕ ಒಂದು ಕಡೆಗೆ ಜಾರಿದಳು, ನಾನು ಕಿರುಚಿಕೊಂಡೆ.

"ನಿಲ್ಸ್ರೋ!" ಎಂದಳು ಅಕ್ಕ. "ಏನ್ಲಾ ಮಾಯೇಶ, ಬೀರು ತೂರುಸ್ದಂಗೆ ತೂರುಸ್ತೀಯಲ್ಲ ನನ್ನ!"

ಕುರ್ಚಿ ನೆಲಕ್ಕಿಟ್ಟರು. ಅಕ್ಕ ಸಂದನ್ನು ಮೇಲಿಂದ ಕೆಳಗೆ ನೋಡಿದಳು, ತನ್ನ ಕುರ್ಚಿಯ ತೋಳುಗಳನ್ನು ನೋಡಿಕೊಂಡಳು. ಮೊದಲು ನಕ್ಕವಳು ಅವಳೇ. "ನೀಲೂ, ಬದುಕಿರೋಳ ಕುರ್ಚಿನೇ ಹಿಡೀಲಿಲ್ಲ. ವಿಮಾನ ಹಿಡಿಯುತ್ತೇನೇ?"

ನಮ್ಮಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಬಿದಿರು ಕಟ್ಟಿ, ಬಾಳೆಕಂಬ ನೆಟ್ಟು, ಹೂವಿನ ಕಮಾನು ಮಾಡಿ, ಅದರೊಳಗೆ ಕೂರಿಸಿ, ನಾಲ್ಕು ಮೂಲೆಗೆ ಹೆಗಲು ಕೊಟ್ಟು ಒಯ್ಯುತ್ತೇವೆ. ಅದಕ್ಕೆ ವಿಮಾನ ಎನ್ನುತ್ತೇವೆ. ಗುಂಡಿಯಲ್ಲೂ ಕೂರಿಸಿಯೇ, ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡುತ್ತೇವೆ. ಇದು ಹುಟ್ಟಿದಾಗಿನಿಂದ ನೋಡಿದ್ದು. ಆದರೂ ಕುಣಿಗಲಿನಲ್ಲಿ ಸಾಹೇಬರು ಕೈ ಅಗಲಿಸಿ ತೋರಿಸಿದಾಗ ನನಗಾಗಲೀ ಸುಮಾಳಿಗಾಗಲೀ ವಿಮಾನ ನೆನಪಾಗಲಿಲ್ಲ. ಅವರು ತಮ್ಮವರ ಹೆಣ ದಾಟುವ ಅಗಲ ತೋರಿಸಿದರು. ನಾನು ಇಂಗ್ಲೆಂಡಿನ ಹಾಲಿನ ಬಾಟಲಿ ಹಿಡಿದು ನಡೆಯುವ ಅಗಲ ಒಪ್ಪಿಕೊಂಡೆ. ನನ್ನ ಯಜಮಾನರನ್ನು ಲಫ್‌ಬರೋದ ಸೆಮೆಟರಿಯಲ್ಲಿ ಪೆಟ್ಟಿಗೆಯಲ್ಲಿ ಮಲಗಿಸಿಯೇ ಹೂಳಿದ್ದೆವು, ಅಲ್ಲಿ ಕೂರಿಸುವ ಮಾತನ್ನು ಯಾರ ಹತ್ತಿರ ಎತ್ತುವುದು? ಸಾವೆಂದರೆ ಮಲಗುವುದು ಎಂದು ಎಷ್ಟು ವರ್ಷಗಳಿಂದ ಅಭ್ಯಾಸವಾಗಿತ್ತೋ.

ನಿಂತಲ್ಲಿಂದಲೇ ಸಾಹೇಬರಿಗೆ ಫೋನ್ ಮಾಡಿದೆ. "ಯಾ ಅಲ್ಲಾ," ಎಂದರು, "ನಮ್ಮೋರ ಲೆಕ್ಕದಾಗೆ ಅಳತೆ ಕೊಟ್ಬಿಟ್ಟೆ ಅಮ್ಮಾ." ಅಗಲ ಮಾಡಿಸಲು ಅವರಿಗೆ ಮನಸ್ಸಿತ್ತು. ಆದರೆ ರಸ್ತೆ ಈಗ ಅವರದಲ್ಲ, ಸೈಟಿನವರದು. ಇಷ್ಟಕ್ಕೇ ಅವರನ್ನು ಒಪ್ಪಿಸುವುದರಲ್ಲಿ ಸಾಕುಬೇಕಾಗಿತ್ತಂತೆ.

ಬರ್ಮುಡಾದ ಸೆಕ್ರೆಟರಿ ಅಷ್ಟರಲ್ಲಿ ಹತ್ತಿರ ಬಂದಿದ್ದರು. "ಇನ್ನೊಂದು ಇಟ್ಟಿಗೆ ತೆಗೆದ್ರೂ ಬೈಕ್ ನುಗ್ಗುತ್ತೆ ಮೇಡಮ್. ಅಜ್ಜಿ ಮೇಲೆ ನಮಗೇನು ದ್ವೇಷ ಇದೆಯಾ? ಒಂದ್ ದಿನದ ಕೆಲಸಕ್ಕೆ ಗೋಡೆನ ಪರ್ಮನೆಂಟಾಗಿ ಒಡಿಯಕ್ಕಾಗುತ್ತಾ, ನೀವೇ ಹೇಳಿ. ಆ ದಿನ ಸ್ವಲ್ಪ ಎತ್ಕೊಂಡು ದಾಟಿಸಿದ್ರೆ ಆಯ್ತಪ್ಪ."

ಅಕ್ಕ ಅವರ ಕಡೆ ನೋಡಿದಳು. "ಯಾರ ಮಗನಪ್ಪ ನೀನು?" ಎಂದಳು, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ. ಅವರು ಯಾವುದೋ ದೂರದ ಊರಿನ ಹೆಸರು ಹೇಳಿದರು. "ಹೂಂ," ಎಂದು ಅಕ್ಕ ಮಹೇಶನ ಹೆಗಲು ಹಿಡಿದು ಎದ್ದು ನಿಂತಳು.

ಒಂದು ಕೈ ಈ ಕಡೆಯ ಇಟ್ಟಿಗೆ, ಒಂದು ಕೈ ಆ ಕಡೆಯ ಇಟ್ಟಿಗೆ ಹಿಡಿದು ಒಳಗೆ ಹೋದಳು. ನಾನು ಹಿಂದೆ. ಸಮಾಧಿಯ ಕಟ್ಟೆಯ ಮೇಲೆ ಕೂತು ಉಸಿರು ಸುಧಾರಿಸಿಕೊಂಡು, ಕೈಗೆಟುಕುವ ತುಂಬೆ ಗಿಡಗಳನ್ನು ಕೀಳತೊಡಗಿದಳು. "ಏನ್ರೀ, ಬೆಳಕೂ ಬರದಂಗೆ ಮಾಡ್ಕಂಡಿದೀರಲ್ಲ," ಎಂದಳು ಕಲ್ಲಿಗೆ. ಹೊರಗೆ ಯಾರೋ ಸ್ಕೂಟರ್ ಸ್ಟಾರ್ಟ್ ಮಾಡಿದರು. ತನ್ನ ಪಕ್ಕದ ಖಾಲಿ ಜಾಗವನ್ನು ಕಾಲಿನ ಹೆಬ್ಬೆರಳಿನಿಂದ ಒತ್ತಿ ನೋಡಿದಳು.

"ನಾನ್ ಇಲ್ಲಿಗೆ ಬರಾಕಿಲ್ಲ ಬುಡೇ," ಎಂದಳು ಆಮೇಲೆ. "ಹೂವಿನಾಗೆ ಕೂರ್ಸ್ಕಂಡು ಬಂದು, ಆ ಗೋಡೆ ತಾವ ಇಳ್ಸಿ, ಕೈಕಾಲು ಹಿಡ್ಕಂಡು ಮೂಟೆ ಮಾಡಿ ತೂರುಸ್ತಾರೆ. ಮೇಲಿಂದ ಎಲ್ಲಾ ನೋಡ್ತಿರ್ತಾರೆ. ಬ್ಯಾಡ."

"ಬೇರೆ ಏನಾದ್ರೂ ಮಾಡೋಣ ಅಕ್ಕ. ನಾನು ಆಫೀಸಿಗೆ ಹೋಗಿ ಕೇಳ್ತೀನಿ, ಬಂಡಿ ದಾರಿ..."

"ನನ್ ಹಾರ್ಟು ಆಫೀಸ್ ಟೈಮಿಗೆ ಕಾಯಲ್ಲ ಕಣೇ."

ಸಮಾಧಿಯ ಬುಡದಿಂದ ಎರಡು ಹಿಡಿ ಮಣ್ಣು ಅಗೆದು ರೇಷ್ಮೆ ಸೆರಗಿಗೆ ಹಾಕಿ ಗಂಟು ಕಟ್ಟಿದಳು. ನಾನು ಕೈ ಕೊಟ್ಟು ಎಬ್ಬಿಸಿದೆ. "ಇವರನ್ನೇ ಕರ್ಕಂಡ್ ಹೋಗ್ತೀನಿ ಊರ ರುದ್ರಭೂಮಿಗೆ," ಎಂದಳು. "ಇವರಿಗಾದ್ರೆ ಈ ಸಂದು ಸಾಕು."

ಲಫ್‌ಬರೋ

ನಾನು ವಾಪಸ್ ಬಂದ ಮೇಲೆ, ಇಲ್ಲಿ ಡ್ಯಾಫೊಡಿಲ್ ಅರಳುವ ಹೊತ್ತಿಗೆ ಅಕ್ಕ ಹೋದಳು. ಸುಮಾ ಮೊಬೈಲಿನಲ್ಲಿ ಎಲ್ಲ ತೋರಿಸಿದಳು. ವಿಮಾನ ಚೆನ್ನಾಗಿ ಕಟ್ಟಿದ್ದರು. ಅಕ್ಕ ತಲೆ ಒಂದು ಚೂರು ವಾಲಿಸಿ, ಯಾರದೋ ಮಾತು ಕೇಳಿಸಿಕೊಳ್ಳುತ್ತಿರುವವಳ ಹಾಗೆ ಕೂತಿದ್ದಳು. ರುದ್ರಭೂಮಿಯಲ್ಲಿ ಮಹೇಶ ಮೊದಲು ಸೆರಗಿನ ಗಂಟಿನ ಮಣ್ಣು ಹಾಕಿದ, ಆಮೇಲೆ ಊರಿನ ಮಣ್ಣು. ಪಕ್ಕದಲ್ಲಿ ಯಾರಿದ್ದಾರೆ ಎಂದು ಕೇಳಿದೆ. ಸುಮಾಳಿಗೆ ಗೊತ್ತಿರಲಿಲ್ಲ, ಕಲ್ಲಿನ ಮೇಲೆ ಹೆಸರಿರಲಿಲ್ಲ.

ಕೆಲವು ದಿನ ಬಿಟ್ಟು ಅನ್ವರ್ ಸಾಹೇಬರ ಫೋನ್ ಬಂತು. ಅಕ್ಕನ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳಿದರು. ಆಮೇಲೆ ಮಾತು ಎಳೆದರು.

"ಅಮ್ಮಾ, ನಿಮಗೆ ಬಾಯಿ ಮಾತು ಕೊಟ್ಟಿದ್ದೆ, ಅದಕ್ಕೇ ಕೇಳ್ದೆ ಮಾಡಲ್ಲ. ಆ ಸಂದು... ಈಗ ಅಜ್ಜಿ ಕೆಲಸ ಮುಗೀತಲ್ಲ. ಸೈಟಿನೋರು ದಿನಾ ಫೋನ್. ಆಚೆ ಲೇಔಟಿನೋರು ಅವರ ಕಡೆ ಗೋಡೆನೂ ಕೆಡವ್ಕೊಂಡವ್ರೆ. ವಸಂತನರಸಾಪುರದ ಕಂಪನಿ ಬಸ್ಸಿಗೆ ಹೋಗೋ ಹೆಂಗಸ್ರೆಲ್ಲ ಬೆಳಿಗ್ಗೆ ಇದರಾಗೇ ಬರ್ತಾರೆ. ಮೊದಲು ಹೈವೇ ಮೇಲೆ ಸುತ್ತಿ ಬರ್ತಿದ್ರಂತೆ, ಕತ್ತಲಾಗೆ. ಈಗ ನಿಮ್ಮ ಭಾವನ ಪಕ್ಕದಲ್ಲೇ ದಾರಿ ಬಿದ್ದೈತೆ, ಹುಲ್ಲು ಬೆಳೀದಂಗೆ."

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ. ಅವರೇ ಮುಂದುವರಿಸಿದರು. "ಮುಚ್ಚಿಸ್ಬಹುದಾ ಅಮ್ಮಾ?"

ಈ ಸಲದ ಪ್ರವಾಸ ಮುಗಿದ ಮೇಲೆ ಟ್ರಾವೆಲ್ ಇನ್ಶೂರೆನ್ಸ್ ಕಂಪನಿಯವರು ನನ್ನ ವಯಸ್ಸನ್ನೂ ರಿಪೋರ್ಟುಗಳನ್ನೂ ನೋಡಿ ಇನ್ನು ಮುಂದೆ ಆಗುವುದಿಲ್ಲ ಎಂದು ಬಹಳ ಸಭ್ಯವಾಗಿ ತಿಳಿಸಿದ್ದಾರೆ. ಡಾಕ್ಟರೂ ಅದನ್ನೇ ಹೇಳಿದ್ದಾರೆ.

"ಬೇಡ ಸಾಹೇಬ್ರೇ," ಎಂದೆ. "ನಮ್ಮ ಭಾವ ಇನ್ನೂ ಅಲ್ಲೇ ಇದಾರಲ್ಲ. ಅಕ್ಕ ಇಲ್ಲ ಅಂತ ಅವರನ್ನ ಹಾಗೇ ಬಿಡೋದಕ್ಕಾಗುತ್ತಾ? ನಾನು ವರ್ಷಕ್ಕೊಂದು ಸಲ ಬಂದು ನೋಡ್ಕೊಂಡು ಹೋಗ್ಬೇಕು."

"ಇಂಗ್ಲೆಂಡಿಂದಾನಾ? ಪ್ರತಿ ವರ್ಷಾನಾ?"

"ಹೂಂ. ಪ್ರತಿ ವರ್ಷ."

ನನ್ನ ವಯಸ್ಸನ್ನು ಅವರೂ ಲೆಕ್ಕ ಹಾಕುತ್ತಿರಬೇಕು. ಫೋನಿನಲ್ಲಿ ದೂರದ ಲಾರಿಯ ಸದ್ದು ಕೇಳುತ್ತಿತ್ತು.

"ಇಟ್ಟಿಗೆ ಇಳಿಸಿಬಿಟ್ಟವ್ರೆ ಅಲ್ಲಿ," ಎಂದರು ಕೊನೆಗೆ. "ವಾಪಸ್ ತಗೊಂಡೋಗಿ ಅಂತ ಹೇಳ್ತೀನಿ ಅಮ್ಮಾ. ನೀವು ಬರೋವರ್ಗೂ ಹಂಗೇ ಇರ್ಲಿ."